ಹುಳದ ಮನೆಯ ನೀಲಿ ಗಾಜು

ಸ್ಟಾಫ್ ರೂಮಿನಲ್ಲಿ ಯಾರಾದರೂ "ಮೇಡಂ, ನಿಮ್ಮ ಪಿಎಚ್.ಡಿ. ಎಲ್ಲಿಗೆ ಬಂತು?" ಎಂದು ಕೇಳಿದರೆ ನಾನು "ಬರ್ತಾ ಇದೆ" ಎನ್ನುತ್ತಿದ್ದೆ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಕನಕಪುರದ ಬಸ್ಸು ಎಲ್ಲಿ ಎಂದು ಕೇಳಿದರೂ ಇದೇ ಉತ್ತರ ಸಿಗುತ್ತದೆ. ಬಸ್ಸಾದರೂ ಕೊನೆಗೆ ಬರುತ್ತಿತ್ತು. ಕನಕಪುರದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೆರಡು ವರ್ಷದಿಂದ ಅತಿಥಿ. ನಮ್ಮ ಹಳ್ಳಿ ಕಡೆ ಅತಿಥಿ ಮೂರು ದಿನ ಉಳಿದರೆ ನಾಲ್ಕನೆಯ ದಿನ ಮುದ್ದೆ ತಿರುವಲು ಹಚ್ಚುತ್ತಾರೆ, ಅಲ್ಲಿಗೆ ಮನೆಯವಳಾದ ಹಾಗೆ. ಇಲ್ಲಿ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಸುತ್ತಾರೆ. ಪಿಎಚ್.ಡಿ. ಇಲ್ಲದೆ ಕೆಲಸ ಕಾಯಂ ಆಗುವುದಿಲ್ಲ, ಕೆಲಸ ಕಾಯಂ ಆಗದೆ ಪಿಎಚ್.ಡಿ. ಮುಗಿಸಲು ಪುರುಸೊತ್ತು ಸಿಗುವುದಿಲ್ಲ. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಆ ಹುಚ್ಚಿ ನಾನೇ ಎಂದು ಒಪ್ಪಿಕೊಂಡು ಬಹಳ ವರ್ಷವಾಗಿದೆ.

ನಾನು ಹಿಡಿದುಕೊಂಡಿದ್ದ ವಿಷಯ ಬಣ್ಣ ಬದಲಿಸುವ ಗಾಜು. ಹಳೆಯ ಕಾಲದ ಬಲ್ಬಿನೊಳಗೆ ಸುರುಳಿ ತಂತಿ ಇರುತ್ತಿತ್ತಲ್ಲ, ಅದು ಟಂಗ್‌ಸ್ಟನ್ ಎಂಬ ಲೋಹ. ಆ ಲೋಹದ ಆಕ್ಸೈಡನ್ನು ಗಾಜಿನ ಮೇಲೆ ತೆಳುವಾಗಿ ಲೇಪಿಸಬೇಕು. ಎಷ್ಟು ತೆಳು ಎಂದರೆ ಒಂದು ಕೂದಲನ್ನು ನೂರು ಸಲ ಸೀಳಿದರೂ ಅದಕ್ಕಿಂತ ತೆಳು. ಗಾಜಿನ ತುಂಡನ್ನು ದ್ರಾವಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ನಿಧಾನವಾಗಿ ಮೇಲಕ್ಕೆತ್ತಿ, ಒಣಗಿಸಿ, ಕುಲುಮೆಯಲ್ಲಿ ಕಾಯಿಸಬೇಕು. ಹೀಗೆ ತಯಾರಾದ ಗಾಜಿಗೆ ಇನ್ನೊಂದು ಗಾಜನ್ನು ಜೋಡಿಸಿ, ನಡುವೆ ಲಿಥಿಯಂ ಉಪ್ಪು ಬೆರೆಸಿದ ಅಂಟು ತುಂಬಿ, ಅಂಚನ್ನು ಭದ್ರವಾಗಿ ಮುಚ್ಚಿ, ತಾಮ್ರದ ಪಟ್ಟಿ ಅಂಟಿಸಿ ಕರೆಂಟು ಕೊಟ್ಟರೆ ಅದು ನಿಧಾನವಾಗಿ ನೀಲಿಯಾಗುತ್ತದೆ. ಟಾರ್ಚಿನ ಎರಡು ಸೆಲ್ಲಿನಷ್ಟು ಕರೆಂಟು ಸಾಕು. ತಿರುಗಿಸಿ ಕೊಟ್ಟರೆ ಮತ್ತೆ ತಿಳಿಯಾಗುತ್ತದೆ. ಮೊದಲ ಸಲ ಅದು ನೀಲಿಯಾದಾಗ ನಾನು ಲ್ಯಾಬಿನಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದ್ದೆ. ಆಗ ನನಗೆ ಮೂವತ್ತೈದು ವರ್ಷ, ಚಪ್ಪಾಳೆ ತಟ್ಟುವ ಶಕ್ತಿ ಇತ್ತು.

ಈ ಗಾಜಿನದು ಒಂದೇ ತಾಪತ್ರಯ. ನೀಲಿಯಾಗಿ ತಿಳಿಯಾಗಿ, ನೀಲಿಯಾಗಿ ತಿಳಿಯಾಗಿ ಕೆಲವು ಸಾವಿರ ಸಲ ಕಳೆದ ಮೇಲೆ ಅದು ಪೂರ್ತಿ ತಿಳಿಯಾಗುವುದನ್ನು ನಿಲ್ಲಿಸುತ್ತದೆ. ಒಳಗೆ ಹೋದ ಲಿಥಿಯಂ ಪ್ರತಿ ಸಲವೂ ಚೂರು ಚೂರು ಅಲ್ಲೇ ಉಳಿದುಬಿಡುತ್ತದೆ. ಗಾಜು ಮಂಕಾಗುತ್ತದೆ. ಇದಕ್ಕೆ ನನ್ನ ಗೈಡ್ ಇಂಗ್ಲಿಷಿನಲ್ಲಿ ದೊಡ್ಡ ಹೆಸರು ಹೇಳುತ್ತಿದ್ದರು. ನಾನು ನನ್ನ ಟಿಪ್ಪಣಿಯಲ್ಲಿ 'ದಣಿವು' ಎಂದು ಬರೆದುಕೊಳ್ಳುತ್ತಿದ್ದೆ. ದಣಿವಾಗದ ಹಾಗೆ ಅಂಟಿನಲ್ಲಿ ಏನು ಬೆರೆಸಬೇಕು ಎನ್ನುವುದೇ ನನ್ನ ಸಂಶೋಧನೆ. ಎರಡು ಸಲ ಅವಧಿ ಮುಂದೂಡಿಸಿಕೊಂಡು, ಮೂರನೆಯದೇ ಕಡೆಯದು ಎಂದು ವಿಶ್ವವಿದ್ಯಾಲಯ ಬರೆದುಕೊಟ್ಟ ವರ್ಷ ಗೈಡ್ ಹೇಳಿದರು, "ಲ್ಯಾಬಿನ ಲೆಕ್ಕ ಸಾಲದಮ್ಮ. ನಿಜವಾದ ಕಿಟಕಿ, ನಿಜವಾದ ಬಿಸಿಲು ಬೇಕು. ಎರಡು ತಿಂಗಳ ರೀಡಿಂಗ್ ತಗೊಂಡು ಬಾ, ಮುಗಿಸಿಬಿಡೋಣ."

ನಿಜವಾದ ಕಿಟಕಿ ಎಲ್ಲಿಂದ ತರುವುದು? ರಾಮನಗರದಲ್ಲಿ ನಾವಿರುವುದು ಬಾಡಿಗೆ ಮನೆ. ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕು. ಕಾಲೇಜಿನಲ್ಲಿ ಕೇಳಿದರೆ ಪ್ರಿನ್ಸಿಪಾಲರು ಕಿಟಕಿಯನ್ನೇ ನೋಡದೆ ತಲೆಯಾಡಿಸಿದರು. ಆ ಭಾನುವಾರ ತವರಿಗೆ ಹೋಗಿದ್ದಾಗ ಊಟದ ಹೊತ್ತಿನಲ್ಲಿ ಇದನ್ನೆಲ್ಲ ಗೊಣಗುತ್ತಿದ್ದೆ. ನಮ್ಮ ತವರು ಕೋಡಿಹಳ್ಳಿಯಿಂದ ಇನ್ನೂ ಒಳಗೆ. ಅಲ್ಲಿ ಅಣ್ಣ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ಅತ್ತಿಗೆ ರೇಷ್ಮೆಹುಳ ಮೇಯಿಸುತ್ತಾಳೆ. ತೋಟದ ತುದಿಯಲ್ಲಿ ಶೀಟು ಹೊದಿಸಿದ ಹುಳದ ಮನೆ ಇದೆ. ಅಲ್ಲಿ ಅವಳದೇ ದರ್ಬಾರು, ಅಣ್ಣನೂ ಅಪ್ಪಣೆ ಕೇಳಿ ಒಳಗೆ ಹೋಗಬೇಕು. ಸಾರು ಬಡಿಸುತ್ತಿದ್ದ ಅತ್ತಿಗೆ ಕೈ ತಡೆದು ಕೇಳಿದಳು.

"ಬಿಸ್ಲು ಬಂದ್ರೆ ಕಪ್ಪಾಯ್ತದಾ ನಿನ್ ಗಾಜು?"

"ಸ್ವಿಚ್ ಒತ್ತಿದರೆ ನೀಲಿ ಆಗುತ್ತೆ."

"ನಮ್ ಹುಳದ ಮನೇಲಿ ಪಡುವಲ ಕಿಟ್ಕಿಗೆ ಮಧ್ಯಾನದ ಮೇಲೆ ಬಿಸ್ಲು ಹೊಡ್ದು ಹುಳೆಲ್ಲಾ ಒಂದೇ ಕಡೀಕೆ ಹೋಯ್ತವೆ ಕಣವ್ವ. ಗೋಣಿಚೀಲ ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ನನ್ ರಟ್ಟೆ ಬಿದ್ದೋಗೈತೆ. ಅಲ್ಲಿಗೇ ತಂದು ಹಾಕು."

ಹುಳದ ಮನೆಗೆ ಹೊರಗಿನ ವಸ್ತು ತರುವುದೆಂದರೆ ಸಣ್ಣ ಮಾತಲ್ಲ. ಬಾಗಿಲಲ್ಲಿ ಸುಣ್ಣ ಹರಡಿರುತ್ತದೆ, ಕಾಲು ತೊಳೆಯಲು ಬ್ಲೀಚಿಂಗ್ ನೀರು ಇಟ್ಟಿರುತ್ತದೆ. ಪೌಡರ್ ಹಾಕಿಕೊಂಡವರಿಗೆ, ಸಿಗರೇಟು ಸೇದಿದವರಿಗೆ ಪ್ರವೇಶವಿಲ್ಲ. ಅತ್ತಿಗೆ ತಾನಾಗಿಯೇ ಕರೆದಳು ಎನ್ನುವುದನ್ನು ನಾನು ಆಗ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಕಿಟಕಿ ಸಿಕ್ಕಿತ್ತು, ಅಷ್ಟೇ.

ಅಂಗೈಯಗಲದ ಹದಿನಾರು ಗಾಜು ಮಾಡಲು ನನಗೆ ಏಳು ತಿಂಗಳು ಹಿಡಿಯಿತು. ದೊಡ್ಡ ಗಾಜು ಅದ್ದುವಂಥ ಯಂತ್ರ ನಮ್ಮಲ್ಲಿ ಇರಲಿಲ್ಲ. ಒಂದು ಸರಿಯಾದರೆ ಮೂರು ಒಡೆಯುತ್ತಿದ್ದವು, ಇಲ್ಲವೇ ಲೇಪ ಬಿರಿಯುತ್ತಿತ್ತು. ಹದಿನಾರನ್ನೂ ಒಂದು ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಕೂರಿಸಿ, ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮೂರು ಬಸ್ಸು ಬದಲಿಸಿ ಊರಿಗೆ ಒಯ್ದೆ. ಹಾರೋಹಳ್ಳಿ ಕಡೆಯ ಹೆಂಗಸೊಬ್ಬರು ದೇವರ ಫೋಟೋ ಎಂದುಕೊಂಡು ಎದ್ದು ಸೀಟು ಬಿಟ್ಟುಕೊಟ್ಟರು. ನಾನು ತಿದ್ದಲಿಲ್ಲ. ಸೀಟು ಸಿಗುವುದಾದರೆ ನಾನು ಏನು ಬೇಕಾದರೂ ದೇವರು ಎನ್ನುತ್ತಿದ್ದೆ.

ಅಣ್ಣ ಚೌಕಟ್ಟನ್ನು ಕಿಟಕಿಗೆ ಕೂರಿಸಿದ. ಸೋಲಾರ್ ಪ್ಲೇಟಿನಿಂದ ಚಿಕ್ಕ ಬ್ಯಾಟರಿಗೆ, ಬ್ಯಾಟರಿಯಿಂದ ಸ್ವಿಚ್ಚಿಗೆ ನಾನೇ ವೈರು ಎಳೆದೆ. ಮೇಲೆ ಒತ್ತಿದರೆ ನೀಲಿ, ಕೆಳಗೆ ಒತ್ತಿದರೆ ತಿಳಿ. ಅತ್ತಿಗೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಸ್ವಿಚ್ ಒತ್ತಿದಳು. ಅಂಚಿನಿಂದ ಒಳಕ್ಕೆ ನೀಲಿ ಹರಡುತ್ತಾ ಬಂತು. ಹುಳದ ತಟ್ಟೆಗಳ ಮೇಲೆ ಬಿದ್ದಿದ್ದ ಬಿಸಿಲಿನ ಚೌಕ ಸಣ್ಣಗೆ ಕಂದುತ್ತಾ ಹೋಯಿತು. ಆಮೇಲೆ ಗೂಟಕ್ಕೆ ಕಟ್ಟಿದ್ದ ಗೋಣಿಚೀಲಗಳನ್ನು ಬಿಚ್ಚಿ, ಮಡಿಸಿ, ಅಣ್ಣನ ಕೈಗೆ ಕೊಟ್ಟು "ತಗಾ, ಇನ್ನು ಇವು ನಿನ್ ಎಮ್ಮೆಗಾಯ್ತು" ಎಂದಳು.

ದಿನಕ್ಕೆ ಮೂರು ಹೊತ್ತು ಬೆಳಕಿನ ಮೀಟರು ಹಿಡಿದು ರೀಡಿಂಗ್ ಬರೆಯುವುದು ಅವಳ ಕೆಲಸವಾಯಿತು. ಎಸ್ಸೆಸ್ಸೆಲ್ಸಿ ಓದಿದ್ದವಳು, ಅಕ್ಷರ ದುಂಡಗಿತ್ತು. ನಾನು ಉದ್ದ ಪುಸ್ತಕಕ್ಕೆ ಗೆರೆ ಹಾಕಿ ಕೊಟ್ಟಿದ್ದೆ: ಹೊತ್ತು, ಹೊರಗಿನ ಬೆಳಕು, ಒಳಗಿನ ಬೆಳಕು, ಷರಾ. ಮೊದಲ ಮೂರು ಕಡೆ ಅಂಕಿ ಸರಿಯಾಗಿ ಬರೆಯುತ್ತಿದ್ದಳು. ಷರಾದಲ್ಲಿ ಅವಳ ಸಂಸಾರವೇ ಇರುತ್ತಿತ್ತು. 'ಮೂರನೇ ಜ್ವರಕ್ಕೆ ಕೂತವು.' 'ಸೊಪ್ಪು ನಾಲ್ಕು ಹೊರೆ ಹಾಕಿದೆ.' 'ಗಾಜು ಬದನೆಕಾಯಿ ಬಣ್ಣ.' 'ಇವತ್ತು ಗಾಜು ಸೋಪಿನ ನೀರಿನಂಗೆ, ಯಾಕೋ ಗೆಲುವಿಲ್ಲ.' ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆ ಎತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ದಿನ ಅವಳು ಹುಳದ ಮನೆಯಲ್ಲಿ ಜೋರಾಗಿ ಮಾತೂ ಆಡುವುದಿಲ್ಲ.

"ಇದು ಥೀಸಿಸ್‌ಗೆ ಹೋಗೋ ಪುಸ್ತಕ ಅತ್ತಿಗೆ. ಹುಳದ ಜ್ವರ ಎಲ್ಲ ಯಾಕೆ ಇದರಲ್ಲಿ?" ಎಂದು ಒಮ್ಮೆ ರೇಗಿದೆ.

"ಹುಳ ಇಲ್ದೆ ಈ ಮನೇಗೆ ಗಾಜು ಯಾತಕ್ಕವ್ವ?" ಎಂದಳು. ನಾನು ಪುಟ ತಿರುಗಿಸಿದೆ.

ಎರಡು ತಿಂಗಳಲ್ಲಿ ಎರಡು ಬೆಳೆ ಮುಗಿದವು. ಗೂಡು ಚೆನ್ನಾಗಿ ಬಂದು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಒಂದು ಬೆಳೆ ಇಳಿದ ಮೇಲೆ ಇನ್ನೊಂದು ಬೆಳೆಗೆ ಚಾಕಿ ಹುಳ, ಎಂದರೆ ಮರಿ ಹುಳ, ತರುವ ಮುಂಚೆ ಹುಳದ ಮನೆಯನ್ನು ತೊಳೆಯಬೇಕು. ತೊಳೆಯುವುದೆಂದರೆ ನೀರು ಚೆಲ್ಲಿ ಪೊರಕೆ ಆಡಿಸುವುದಲ್ಲ. ಬ್ಲೀಚಿಂಗ್ ಪೌಡರಿನ ಜೊತೆ ಸುಣ್ಣ ಕಲಸಿ, ಗೋಡೆ, ಸೂರು, ತಟ್ಟೆ, ಸ್ಟ್ಯಾಂಡು, ಬಾಗಿಲಿನ ಚಿಲಕ, ಏನನ್ನೂ ಬಿಡದೆ ಮೇಲಿಂದ ಕೆಳಗೆ ಹೊಡೆಯಬೇಕು. ನನ್ನ ಗಾಜಿಗೆ ಸುಣ್ಣವೆಂದರೆ ವಿಷ. ಸುಣ್ಣದ ನೀರು ಅಂಚಿನ ಒಳಗೆ ಇಳಿದರೆ ಲೇಪ ಕರಗಿಹೋಗುತ್ತದೆ, ಬ್ಲೀಚಿಂಗಿಗೆ ತಾಮ್ರದ ಪಟ್ಟಿ ಹಸಿರು ಕಟ್ಟುತ್ತದೆ. ಅದಕ್ಕೇ ಎರಡು ಸಲವೂ ನಾನೇ ಹೋಗಿ ಚೌಕಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಸುತ್ತಲೂ ಟೇಪು ಮೆತ್ತಿ ಬಂದಿದ್ದೆ. ಅತ್ತಿಗೆ ಟೇಪನ್ನು ಉಗುರಿನಲ್ಲಿ ತಿಕ್ಕಿ ಭದ್ರ ಮಾಡಿದ್ದಳು.

ಎರಡು ತಿಂಗಳ ಪುಸ್ತಕ ನೋಡಿ ಗೈಡ್ ಸಂತೋಷಪಟ್ಟರು. ಸಂತೋಷಪಟ್ಟು, "ನಾಲ್ಕು ಬೆಳೆ ಆಗಲಿ" ಎಂದರು. ಮೂರನೆಯ ಬೆಳೆ ಮುಗಿಯುತ್ತಾ ಬಂದಾಗ ಫೋನು ಮಾಡಿ, "ಚಳಿಗಾಲದ್ದೂ ಬೇಕಾಗುತ್ತಮ್ಮ, ಒಂದು ವರ್ಷದ್ದು ಪೂರ್ತಿ ಇದ್ದರೆ ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಕೆಲಸ ಚೆನ್ನಾಗಿ ಬರಲಿ ಎಂದೇ ಹೇಳಿದ್ದು. ಆದರೆ ಫೋನಿಟ್ಟ ಮೇಲೆ ನಾನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ಬಸ್ಸು ಬಂದು ಹೋದವು. ಎದ್ದು ಹತ್ತಬೇಕು ಅನಿಸಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಅತ್ತಿಗೆಯ ಫೋನು ಬಂತು. ಸಂಜೆ ಐದರ ಹೊತ್ತು. ನಾನು ಮನೆಯಲ್ಲಿ ಇಂಟರ್ನಲ್ಸ್ ಪೇಪರ್ ತಿದ್ದುತ್ತಿದ್ದೆ. ಈ ಸಲದ ಬೆಳೆಗೆ ಕಡೆಯಲ್ಲಿ ಹಾಲುತೊಂಡೆ ರೋಗ ಬಿದ್ದು, ಎರಡು ಸ್ಟ್ಯಾಂಡಿನ ಹುಳ ಮೈಯೊಡೆದು ಹಾಲು ಸುರಿಸಿ ಸತ್ತಿದ್ದವಂತೆ. ಉಳಿದದ್ದು ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗಿತ್ತು. ಮನೆಯನ್ನು ಎರಡೆರಡು ಸಲ ತೊಳೆಯಬೇಕು, ಆ ರೋಗ ಸಂದಿಗೊಂದಿಯಲ್ಲಿ ಕೂತಿರುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಹೂಂ ಹೂಂ ಎನ್ನುತ್ತಾ ಅಂಕ ಹಾಕುತ್ತಲೇ ಇದ್ದೆ.

ಭಾನುವಾರ ಊರಿಗೆ ಹೋದಾಗ ಹುಳದ ಮನೆ ಸುಣ್ಣದ ವಾಸನೆಯಿಂದ ಮೂಗು ಕಟ್ಟುವಂತಿತ್ತು. ಎಲ್ಲ ಬೆಳ್ಳಗೆ ಒಣಗಿತ್ತು. ಕಿಟಕಿಯ ಮೇಲೆ ಪ್ಲಾಸ್ಟಿಕ್ ಇರಲಿಲ್ಲ. ಹದಿನಾರು ಗಾಜೂ ಲಕಲಕ ಹೊಳೆಯುತ್ತಿದ್ದವು. ಅಷ್ಟು ಚೊಕ್ಕವಾಗಿ ಅವುಗಳನ್ನು ನಾನೂ ಯಾವತ್ತೂ ಒರೆಸಿರಲಿಲ್ಲ. ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ಕೆಳಗೆ ಮೇಲೆ, ಕೆಳಗೆ ಮೇಲೆ ಒತ್ತಿದೆ. ಅಂಚಿನ ತಾಮ್ರವೆಲ್ಲ ಹಸಿರು ಕಟ್ಟಿತ್ತು. ಒಳಗಿನ ಅಂಟು ಒಸರಿ ಕೆಳಗೆ ಗೆರೆಗೆರೆಯಾಗಿ ಇಳಿದಿತ್ತು. ಮೇಲಿನ ಸಾಲಿನ ಮೂಲೆಯ ಒಂದೇ ಒಂದು ಗಾಜು, ಸ್ಪ್ರೇಯರಿನ ನೀರು ಸರಿಯಾಗಿ ತಾಗದ್ದಕ್ಕೋ ಏನೋ, ಮಂಕಾಗಿ ನೀಲಿಗೆ ತಿರುಗಿತು.

ಅತ್ತಿಗೆ ಹಿಂದೆಯೇ ಬಂದು ನಿಂತಿದ್ದಳು. "ಎರಡು ದಿನ ಹೊಡ್ದೆ ಕಣವ್ವ. ಪ್ಲಾಸ್ಟಿಕ್ ಸುತ್ತುದ್ರೆ ಹಿಂದ್ಗಡೆ ರೋಗ ಕುಂತಿರ್ತದೆ ಅಂತ ಸುತ್ತಾಕೋಗ್ನಿಲ್ಲ, ಗಾಜ್ನೂ ಬಿಡ್ಲಿಲ್ಲ. ಚೆಂದಾಗೈತಾ?"

ನಾನು ಕೂಗಾಡಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಏಳು ತಿಂಗಳು ಎಂದೆ, ಹತ್ತು ವರ್ಷ ಎಂದೆ, ನಿನಗೆ ನಿನ್ನ ಹುಳ ಬಿಟ್ಟರೆ ಪ್ರಪಂಚವೇ ಇಲ್ಲ ಎಂದೆ. ಅತ್ತಿಗೆಯ ಮುಖ ಸುಣ್ಣದ ಗೋಡೆಯ ಹಾಗಾಯಿತು.

"ನಿನ್ ಕೇಳ್ದೆನಲ್ಲವ್ವಾ ಫೋನ್ನಾಗೆ. ಗಾಜ್ನೂ ತೊಳೀಲಾ ಅಂದೆ. ಹೂಂ ಅಂದೆ ನೀನು."

"ನಾನು ಪೇಪರ್ ನೋಡ್ತಿದ್ದೆ. ಗಮನ ಇರಲಿಲ್ಲ. ಇಷ್ಟು ದೊಡ್ಡ ವಿಷಯವನ್ನು ಫೋನಿನಲ್ಲಿ ಒಂದು ಮಾತು ಕೇಳಿ ಮುಗಿಸೋದಾ? ಒಂದು ದಿನ ಕಾಯೋಕೆ ಆಗಲಿಲ್ವಾ?"

ಅವಳು ವಾದ ಮಾಡಲಿಲ್ಲ. ಅವಳು ವಾದ ಮಾಡಿದ್ದರೆ ಒಳ್ಳೆಯದಿತ್ತು. "ಔದು, ಕಾಯ್ಬೇಕಿತ್ತು. ಬುದ್ಧಿ ಇಲ್ದೋಳು ನಾನು" ಎಂದು ಬಾಗಿಲ ಹತ್ತಿರ ಕೂತುಕೊಂಡಳು. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಬ್ಲೀಚಿಂಗಿಗೆ ಅವು ಬಿರಿದುಹೋಗಿದ್ದವು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಗೈಡ್ ಎಲ್ಲ ಕೇಳಿಕೊಂಡು, "ಮತ್ತೆ ಮಾಡೋಣಮ್ಮ" ಎಂದರು. ವಿಶ್ವವಿದ್ಯಾಲಯಕ್ಕೆ ಅವರೇ ಕಾಗದ ಬರೆದು, ನಡೆದದ್ದನ್ನು ವಿವರಿಸಿ, ಇನ್ನೊಂದು ವರ್ಷದ ಅವಕಾಶ ಕೇಳಿದರು. ಮೂರು ತಿಂಗಳಿಗೆ ಉತ್ತರ ಬಂತು. ಕೊಡುತ್ತೇವೆ, ಅಭ್ಯರ್ಥಿ ಒಪ್ಪಿಗೆಯ ಸಹಿ ಹಾಕಿ ಕಳಿಸಲಿ. ಆ ಹಾಳೆಯನ್ನು ನಾನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಟಿಫಿನ್ ಡಬ್ಬಿಯ ಸಾರು ತಾಗಿ ಮೂಲೆ ಹಳದಿಯಾಯಿತು. ಸಹಿ ಹಾಕಲು ಒಂದು ನಿಮಿಷ ಸಾಕು, ಆ ಒಂದು ನಿಮಿಷ ನನಗೆ ಸಿಗಲಿಲ್ಲ.

ಆ ಮೂರು ತಿಂಗಳು ನಾನು ತವರಿಗೆ ಹೋಗಿರಲಿಲ್ಲ. ಕೊನೆಗೆ ಅಣ್ಣನೇ ಗೂಡು ತೆಗೆದುಕೊಂಡು ಮಾರ್ಕೆಟ್ಟಿಗೆ ಬಂದವನು ಮನೆಗೆ ಬಂದ. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಕೂತವನು ಹೇಳಿದ.

"ನಿಮ್ಮತ್ತಿಗೆ ಕಾಫಿ ಬುಟ್ಬುಟ್ಟವ್ಳೆ."

"ಯಾಕೆ, ಶುಗರ್ರಾ?"

"ಹರಕೆ. ನಿನ್ ಡಾಕ್ಟ್ರು ಪುಸ್ತಕ ಮುಗಿಯೋಗಂಟ ಕುಡಿಯಾಕಿಲ್ಲ ಅಂತ ಕಬ್ಬಾಳಮ್ಮನಿಗೆ ಹೇಳ್ಕಂಡವ್ಳೆ. ನನ್ ಕೈಲೇ ಹಾಳಾಯ್ತು ಅಂತಾಳೆ. ಬೆಳ್ಗೆದ್ರೆ ತಲೆನೋವು ಅಂತ ಪಟ್ಟಿ ಕಟ್ಕಂಡು ಸೊಪ್ಪು ಕುಯ್ತಾಳೆ. ನೀನಾದ್ರೂ ಒಸಿ ಹೇಳು."

ನಮ್ಮತ್ತಿಗೆ ಎಷ್ಟು ಕಾಫಿ ಪ್ರಿಯೆ ಎನ್ನುವುದು ಊರಿಗೇ ಗೊತ್ತು. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ, ಹುಳಕ್ಕೆ ಸೊಪ್ಪು ಹಾಕಿ ಬಂದು ಕೂತು ಕುಡಿಯುವ ಒಂದು ದೊಡ್ಡ ಲೋಟ ಕಾಫಿ ಮಾತ್ರ ಅವಳ ಸ್ವಂತದ್ದು. ಅಣ್ಣ ಹೋದ ಮೇಲೆ ನನಗೆ ಕಾಫಿ ಇಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳಿ ಅಂದಿರಲೂ ಇಲ್ಲ.

ಆ ಮಂಗಳವಾರ ರಜೆ ಹಾಕಿ ಊರಿಗೆ ಹೋದೆ. ಅತ್ತಿಗೆ ಜಗಳದ ನೆನಪೇ ಇಲ್ಲದವಳ ಹಾಗೆ, "ಬಂದ್ಯಾ, ಒಳ್ಳೇದಾಯ್ತು. ನಡಿ, ಕಬ್ಬಾಳಿಗೆ ಹೋಗ್ಬರವಾ" ಎಂದಳು. ಇಬ್ಬರೂ ಬಸ್ಸು ಹತ್ತಿದೆವು. ಅವಳ ಚೀಲದಲ್ಲಿ ಹಣ್ಣು ಕಾಯಿಯ ಜೊತೆ ಆ ಉದ್ದ ಪುಸ್ತಕ ಇತ್ತು. ದೇವಸ್ಥಾನದಲ್ಲಿ ಸರದಿ ಬಂದಾಗ ಪುಸ್ತಕವನ್ನು ತಟ್ಟೆಯಲ್ಲಿ ಕಾಯಿಯ ಪಕ್ಕ ಇಟ್ಟು ಪೂಜಾರಿಗೆ ಕೊಟ್ಟಳು. "ಯಾರ ಹೆಸರಲ್ಲಿ?" ಎಂದು ಅವರು ಕೇಳಿದರು. ನನ್ನ ಹೆಸರು ಹೇಳಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ. ಒಡೆದ ಕಾಯಿಯ ನೀರು ತಾಗಿ ರಟ್ಟು ಒದ್ದೆಯಾದ ಪುಸ್ತಕಕ್ಕೆ ಕುಂಕುಮ ಹತ್ತಿ ವಾಪಸು ಬಂತು.

ಹೊರಗೆ ಬಂದು ಒಂದು ಹೋಟೆಲಿನಲ್ಲಿ ಕೂತೆವು. ಅವಳು ನನಗೊಂದು ಕಾಫಿ ಹೇಳಿ, ತನಗೆ ಬರೀ ನೀರು ಸಾಕು ಎಂದಳು. ಕಾಫಿ ಬಂತು. ಅದರ ಹೊಗೆ ಅವಳ ಕಡೆಗೇ ಹೋಗುತ್ತಿತ್ತು. ಅವಳು ಮುಖ ತಿರುಗಿಸಿ ಬೆಟ್ಟ ನೋಡುತ್ತಿದ್ದಳು.

"ಅತ್ತಿಗೆ" ಎಂದೆ. "ಅವತ್ತು ಫೋನಲ್ಲಿ ನೀನು ಗಾಜ್ನೂ ತೊಳೀಲಾ ಅಂತ ಕೇಳಿದ್ದು ನಂಗೆ ಕೇಳಿಸಿತ್ತು. ಗಮನ ಇತ್ತು."

ಅವಳು ಬೆಟ್ಟದಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

ನಡೆದದ್ದು ಇಷ್ಟೇ. ಅವಳು ಒಂದು ಸಲವಲ್ಲ, ಎರಡು ಸಲ ಕೇಳಿದ್ದಳು. ಮೊದಲ ಸಲ ಕೇಳಿದಾಗಲೇ ನನ್ನ ಕೆಂಪು ಪೆನ್ನು ನಿಂತಿತ್ತು. ಸುಣ್ಣ, ಬ್ಲೀಚಿಂಗು, ಅಂಚು, ಲೇಪ, ಎಲ್ಲ ಒಂದೇ ಏಟಿಗೆ ಕಣ್ಣ ಮುಂದೆ ಬಂದಿತ್ತು. ಬೇಡ ಎನ್ನಲು ನಾಲಿಗೆ ಹೊರಳಬೇಕಿತ್ತು. ಅಷ್ಟರಲ್ಲಿ ಚಳಿಗಾಲದ ರೀಡಿಂಗು ನೆನಪಾಯಿತು, ಅದರ ಹಿಂದೆ ಬರೆಯುವುದು, ತಿದ್ದುವುದು, ಮತ್ತೆ ತಿದ್ದುವುದು, ಪ್ರತಿ ಭಾನುವಾರದ ಮೂರು ಬಸ್ಸು. ಅವಳು "ತೊಳೀಲಾ, ಬ್ಯಾಡ್ವಾ?" ಎಂದು ಎರಡನೆಯ ಸಲ ಕೇಳಿದಳು. ನಾನು ಹೂಂ ಎಂದೆ. ಎಂದ ಕೂಡಲೇ ನನ್ನ ಮೈ ಹಗುರಾಯಿತು. ಹತ್ತು ವರ್ಷದಲ್ಲಿ ಹಾಗೆ ಹಗುರಾದದ್ದು ಅದೊಂದೇ ಸಲ. ಇದನ್ನೆಲ್ಲ ಅವಳಿಗೆ ತಡವರಿಸುತ್ತಾ ಹೇಳಿದೆ.

"ಗೊತ್ತಿದ್ದೂ ಹೂಂ ಅಂದ್ಯಾ?"

"ಹೂಂ."

"ಯಾಕವ್ವ?"

"ಸಾಕಾಗಿತ್ತು ಅತ್ತಿಗೆ."

ಅವಳು ಸಮಾಧಾನ ಹೇಳುತ್ತಾಳೆ, ಹೋಗ್ಲಿ ಬುಡು ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಕಾದಿದ್ದೆ ಎಂದು ಕಾಣುತ್ತದೆ. ಅವಳ ಮೂಗಿನ ಹೊಳ್ಳೆ ಅರಳಿತು.

"ಸಾಕಾಗಿದ್ರೆ ಸಾಕು ಅನ್ನಾಕೆ ಬಾಯಿರ್ನಿಲ್ವಾ ನಿಂಗೆ? ಅಷ್ಟು ಓದ್ಕಂಡಿದ್ದೀಯ, ಅದೊಂದು ಮಾತು ಬರಾಕಿಲ್ವಾ? ಮೂರು ತಿಂಗ್ಳು ನಾನು ಈ ಕೈ ನೋಡ್ಕಂಡು ನೋಡ್ಕಂಡು, ಇದೇ ಕೈಯಲ್ಲಿ ನನ್ ನಾದ್ನಿ ಬಾಳು ತೊಳ್ದು ಹಾಕ್ಬುಟ್ಟೆ ಅಂತ ಅಳ್ತಿದ್ದೆ. ನಿಮ್ಮಣ್ಣನ್ನ ಕೇಳು." ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಲಿಲ್ಲ. "ನಾವೂ ಹುಳ ಮೇಯ್ಸೋರು ಕಣವ್ವ. ಕೈಲಾಗದಿದ್ರೆ ಈ ಸತಿ ಚಾಕಿ ಬ್ಯಾಡ ಅಂತ ಮೊದ್ಲೇ ಅಂತೀವಿ. ತಂದ್ ಮೇಲೆ ಸೊಪ್ಪು ಹಾಕ್ದೆ ಸಾಯಿಸ್ಬುಟ್ಟು, ಪಾಪ ರೋಗ ಬಂದಿತ್ತು ಅನ್ನಾಕಿಲ್ಲ."

ನನಗೆ ಅಳು ಬಂತು. ಅವಳು ನೋಡಿಯೂ ನೋಡದ ಹಾಗೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಹೋಟೆಲಿನವನನ್ನು ಕೂಗಿ, "ಒಂದ್ ಕಾಫಿ ಕೊಡಪ್ಪ, ಡಿಕಾಕ್ಸನ್ ಜಾಸ್ತಿ ಹಾಕು" ಎಂದಳು.

"ಹರಕೆ?" ಎಂದೆ.

"ನಾನ್ ಮಾಡ್ದ ತಪ್ಪಿಗೆ ಹರಕೆ ಹೊತ್ತಿದ್ದೆ. ತಪ್ಪು ನಂದಲ್ಲ ಅಂದ್ಮೇಲೆ ಅಮ್ಮ ಯಾಕೆ ಕಾಫಿ ಬ್ಯಾಡ ಅಂತಾಳೆ?"

ಲೋಟ ಬಂತು. ಮೂರು ತಿಂಗಳಾದ ಮೇಲೆ ಕುಡಿಯುವವಳು ಅವಸರ ಮಾಡಲಿಲ್ಲ. ಎರಡು ಗುಟುಕು ಕುಡಿದು ಲೋಟ ಇಟ್ಟು ಕೇಳಿದಳು. "ಈಗ ಹೇಳು. ಇನ್ನೊಂದ್ ಸತಿ ಮಾಡ್ತೀಯೋ, ಬುಡ್ತೀಯೋ? ಮಾಡ್ತೀಯಾ ಅಂದ್ರೆ ಕಿಟ್ಕಿ ಐತೆ, ನಾನಿವ್ನಿ. ಬುಡ್ತೀಯಾ ಅಂದ್ರೂ ಯಾರೂ ಏನೂ ಅನ್ನಾಕಿಲ್ಲ. ಸುಮ್ಕೆ ಹೂಂ ಅನ್ಬ್ಯಾಡ, ಬಾಯ್ಬುಟ್ಟು ಹೇಳು."

ಬ್ಯಾಗಿನಲ್ಲಿ ಸಾರಿನ ಕಲೆಯ ಆ ಹಾಳೆ ಇತ್ತು. ಅದನ್ನು ತೆಗೆದು ಅವಳ ಮುಂದೆ ಇಟ್ಟೆ. ಇಂಗ್ಲಿಷಿನಲ್ಲಿದ್ದದ್ದನ್ನು ಅವಳು ಓದಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಬುಡ್ತೀನಿ" ಎಂದೆ. ನಲವತ್ತೈದು ವರ್ಷದ ಹೆಂಗಸು, ಆ ಒಂದು ಮಾತು ಹೇಳಿ ಹೋಟೆಲಿನ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತೆ.

ಅವಳು ಈ ಸಲ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಕಾಫಿ ಮುಗಿದ ಮೇಲೆ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಇದು ನಂಗಿರ್ಲಿ. ನನ್ ಮೂರು ಬೆಳೆ ಇದ್ರಾಗೈತೆ. ಆದ್ರೆ ಒಂದ್ಮಾತು. ಆ ಗಾಜ್ನೆಲ್ಲ ನೀನೇ ಬಂದು ತೆಗೀಬೇಕು. ನಾನು ಮುಟ್ಟಾಕಿಲ್ಲ."

ಅವತ್ತು ಊರಿನಲ್ಲೇ ಉಳಿದೆ. ಮಾರನೆಯ ದಿನ ಬೆಳಿಗ್ಗೆ ಕಾಲು ತೊಳೆದು, ಸುಣ್ಣ ದಾಟಿ, ಹುಳದ ಮನೆಗೆ ಹೋದೆ. ಗೋಣಿಚೀಲಗಳು ಆಗಲೇ ಎಮ್ಮೆಯ ಕೊಟ್ಟಿಗೆಯಿಂದ ವಾಪಸು ಬಂದು, ಒಗೆಸಿಕೊಂಡು, ಬಾಗಿಲ ಪಕ್ಕ ಮಡಿಸಿ ಕೂತಿದ್ದವು. ಚೌಕಟ್ಟಿನ ತಿರುಪು ಬಿಚ್ಚಿ ಒಂದೊಂದೇ ಗಾಜು ತೆಗೆದು ಕಾಗದ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಇಡುತ್ತಾ ಬಂದೆ. ಹದಿನೈದು ಮುಗಿದವು. ಮೂಲೆಯದು ಉಳಿಯಿತು. ತೆಗೆಯುವ ಮುಂಚೆ ಸ್ವಿಚ್ ಮೇಲಕ್ಕೆ ಒತ್ತಿದೆ. ಅದು ತನಗೆ ತೋಚಿದಷ್ಟು ಹೊತ್ತು ತೆಗೆದುಕೊಂಡು, ಅಂಚಿನಿಂದ ಒಳಕ್ಕೆ ಮೆಲ್ಲಗೆ ನೀಲಿಯಾಯಿತು. ಅದರ ಹಿಂದೆ ಹಿಪ್ಪುನೇರಳೆ ತೋಟ ನೀಲಿಯಾಯಿತು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ.

"ಅದೊಂದು ಬದ್ಕೈತಲ್ಲವ್ವ" ಎಂದಳು.

"ಹೂಂ."

"ಅದ್ನೂ ತೆಗೀತೀಯಾ?"

"ಹೂಂ."

"ಈ ಸತಿ ಕೇಳಿಸ್ಕಂಡು ಅಂತಿದ್ದೀಯಾ?"

ಸ್ವಿಚ್ ಕೆಳಕ್ಕೆ ಒತ್ತಿದೆ. ಗಾಜು ತನ್ನ ಕೈಲಾದಷ್ಟು ತಿಳಿಯಾಗುವ ತನಕ ಕಾದೆ.

"ಕೇಳಿಸ್ಕಂಡೇ ಅಂತಿದ್ದೀನಿ ಅತ್ತಿಗೆ" ಎಂದು ವೈರು ಬಿಚ್ಚಿದೆ.